ಅಡ್ಡ ನಿಂತ ಹಳದಿ ಕಾರು

ಅಣ್ಣನ ಮಗ ಲಂಡನ್ನಿನಿಂದ ತಂದುಕೊಟ್ಟ ಸಾವಿರ ಚೂರಿನ ಜಿಗ್‌ಸಾ ಪಜಲ್ ನಮ್ಮ ಊಟದ ಟೇಬಲ್ ಹಿಡಿದು ಕೂತಿದೆ, ನಾವು ನೆಲದ ಮೇಲೆ ಉಣ್ಣುತ್ತಿದ್ದೇವೆ. ಚಿತ್ರ ಇಂಗ್ಲೆಂಡಿನ ಬಿಬುರಿ ಹಳ್ಳಿಯ ಆರ್ಲಿಂಗ್ಟನ್ ರೋ ಅನ್ನೋ ಕಲ್ಲುಮನೆಗಳ ಸಾಲಿನದ್ದು. ಹೊಳೆ ಮುಗಿಯಿತು, ಗೋಡೆ ಮುಗಿಯಿತು. ಉಳಿದದ್ದು ಬರೀ ಛಾವಣಿ. ಎಲ್ಲಾ ಚೂರೂ ಒಂದೇ ಬೂದು ಬಣ್ಣ!

ಬೈದುಕೊಳ್ಳುತ್ತಲೇ ದಿಟ್ಟಿಸಿದಾಗ ಒಂದು ಕಂಡಿತು. ಸೂರಿನ ಅಂಚಿಗೆ ದೊಡ್ಡ ಕಲ್ಲುಹಂಚು, ಮೇಲೆ ಹೋದಂತೆಲ್ಲ ಚಿಕ್ಕದು, ನೆತ್ತಿಯಲ್ಲಿ ತೀರಾ ಚಿಕ್ಕದು. ಕಾಟ್ಸ್‌ವೋಲ್ಡ್ಸ್ ಅಂದರೆ ಬಿಬುರಿ ಇರುವ ಗುಡ್ಡಗಳ ಸೀಮೆ, ಆ ಕಡೆ ಹೊದಿಸುವುದೇ ಹಾಗೆ. ಅಗೆದ ಸುಣ್ಣಕಲ್ಲನ್ನು ಒದ್ದೆ ಇರುವಾಗಲೇ ಚಳಿಗೆ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಕಲ್ಲು ತಾನೇ ಪದರ ಬಿಡುತ್ತಿತ್ತು. ಆಮೇಲೆ ತೂತು ಕೊರೆದು, ಓಕ್ ಮರದ ಗೂಟ ಹಾಕಿ, ಸಾಲಾಗಿ ತೂಗುಹಾಕುವುದು. ಆ ಕಲ್ಲು ನೀರು ಹೀರುತ್ತದೆ, ಮಳೆನೀರು ನಿಲ್ಲದೆ ಜಾರಿಹೋಗಲಿ ಅಂತಲೇ ಅಷ್ಟು ಕಡಿದಾದ ಇಳಿಜಾರು.

ಈ ಮನೆಗಳು ಯಾಕಿಷ್ಟು ಚಂದ ಅಂತ ಹೇಳೋಣ ಅಂತ ಕೂತೆ. ಆದರೆ ಅದಕ್ಕೆ ಮೊದಲು ಹಳದಿ ಕಾರಿನ ವಿಷಯ ಆಗಿಬಿಡಲಿ.

ಆ ಸಾಲಿನ ಹತ್ತಿರವೇ ಒಬ್ಬ ಅಜ್ಜನ ಮನೆ ಇತ್ತು. ಮನೆ ಮುಂದೆ ಅವರ ಪುಟ್ಟ ಹಳದಿ ಕಾರು, ವಾಕ್ಸ್‌ಹಾಲ್ ಕೋರ್ಸಾ, ನಿಂತಿರುತ್ತಿತ್ತು. 2015ರಲ್ಲಿ ಪ್ರವಾಸಿಗರ ಗೊಣಗಾಟ ಶುರುವಾಯಿತು: ನಮ್ಮ ಫೋಟೋ ಹಾಳಾಯ್ತು, ಥೂ, ಎಂಥಾ ಬಣ್ಣ! ಅಲ್ರೀ, ಮನೆ ಅವರದ್ದು, ಕಾರು ಅವರದ್ದು, ನಿಮ್ಮದು ಬರೀ ಮೊಬೈಲು. 2017ರಲ್ಲಿ ಯಾರೋ ಪುಣ್ಯಾತ್ಮರು ಕಾರಿನ ಗಾಜು ಒಡೆದು, ಬಾನೆಟ್ ಮೇಲೆ ಗೀಚಿಯೂ ಹೋದರು. ಆಮೇಲೆ ಆಗಿದ್ದು ನನಗೆ ಪರಮಾನಂದ. ಹಳದಿ ಕಾರಿದ್ದವರೆಲ್ಲ ಎಲ್ಲೆಲ್ಲಿಂದಲೋ ಸೇರಿಕೊಂಡು ಅಜ್ಜನ ಪರವಾಗಿ ಸಾಲುಗಟ್ಟಿ ಆ ಹಳ್ಳಿಗೇ ಮೆರವಣಿಗೆ ಬಂದರು. ಅವತ್ತು ಫೋಟೋ ತೆಗೆಯಲು ಬಂದವರ ಮುಖ ನೋಡಬೇಕಿತ್ತು ಅಂತ ಈಗಲೂ ಆಸೆ.

ಹಳ್ಳಿ ಬೇಕು, ಹಳ್ಳಿಯವರು ಬೇಡ ಅನ್ನುವ ಈ ಜನ ಕಂಡರೆ ನನಗಾಗುವುದಿಲ್ಲ. ಆ ಸಾಲು ಹುಟ್ಟಿದ್ದೇನು ಫೋಟೋಗಾ? 1380ರ ಸುಮಾರಿಗೆ ಅದು ಮಠದವರ ಉಣ್ಣೆ ಉಗ್ರಾಣ. 17ನೇ ಶತಮಾನದಲ್ಲಿ ನೇಕಾರರ ಮನೆಗಳಾಯಿತು. ಎದುರಿನ ರ‍್ಯಾಕ್ ಐಲ್ ಹುಲ್ಲುಗಾವಲಿನ ತುಂಬ ಬಟ್ಟೆ ಒಣಹಾಕುತ್ತಿದ್ದರು. ಅಂದರೆ ಆಗ ಯಾರಾದರೂ ಫೋಟೋ ತೆಗೆದಿದ್ದರೆ ಬಟ್ಟೆಯೇ ಅಡ್ಡ ಬರುತ್ತಿತ್ತು, ಅಲ್ವಾ? ಆಮೇಲೆ 19ನೇ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಸುಮ್ನೆ ಇರದೆ, ಇಡೀ ಇಂಗ್ಲೆಂಡಿನಲ್ಲೇ ಚಂದದ ಹಳ್ಳಿ ಇದು ಅಂದುಬಿಟ್ಟ. ಈಗ ಬಸ್ಸುಗಟ್ಟಲೆ ಜನ.

ಕಾರಿಗೂ ಈ ಕಡೆಯ ಮನೆಗಳಿಗೂ ಹಳೇ ನಂಟು ಬೇರೆ. 1930ರ ಹೊತ್ತಿಗೆ ಹೆನ್ರಿ ಫೋರ್ಡ್ ಪಕ್ಕದ ಚೆಡ್‌ವರ್ತ್ ಹಳ್ಳಿಯ ಇಂಥದೇ ಒಂದು ಮನೆ ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ, ಹಡಗಿನಲ್ಲಿ ಅಮೆರಿಕದ ಮಿಷಿಗನ್ನಿಗೆ ಸಾಗಿಸಿದ. ಈಗಲೂ ಅಲ್ಲೇ ನಿಂತಿದೆ. ಕಾರು ಮಾಡುವವನು ಬಂದು ಮನೆಯನ್ನೇ ಎತ್ತಿಕೊಂಡು ಹೋದ, ಆಗ ಗೊಣಗಬೇಕಿತ್ತು ನೋಡಿ.