ಛತ್ರದ ಅಡ್ವಾನ್ಸ್ ಯಾರಿಗೆ ಸೇರಬೇಕು?

2020ರ ಏಪ್ರಿಲ್ 26, ಅಕ್ಷಯ ತೃತೀಯ. ಅಕ್ಕನ ಮಗಳ ಮದುವೆ ಅಂದೇ ಅಂತ ನಿಶ್ಚಯವಾಗಿತ್ತು. ಛತ್ರಕ್ಕೆ ಭಾವ 60,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದರು. ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು.

ದುಡ್ಡು ಕೇಳಲು ಹೋದರೆ ಛತ್ರದ ಮ್ಯಾನೇಜರ್ ರಸೀದಿಯ ಕೆಳಗಿನ ಸಾಲು ತೋರಿಸಿದರು: ಅಡ್ವಾನ್ಸ್ ಹಿಂದಿರುಗಿಸಲಾಗುವುದಿಲ್ಲ. "ನಮ್ಮ ಕೈಲಿ ಏನಿದೆ ಸಾರ್, ಸರ್ಕಾರದ ಆರ್ಡರ್ರು." ಭಾವ ಮರುಮಾತಾಡದೆ ಬಂದರು. ಜೂನ್‌ನಲ್ಲಿ ಮನೆಯಂಗಳದಲ್ಲೇ ಧಾರೆ ಎರೆದದ್ದಾಯಿತು. ಆ ದುಡ್ಡು ಹೋದದ್ದು ನನಗೆ ಇವತ್ತಿಗೂ ಸಂಕಟ, ಯಾಕೆಂದರೆ ಮ್ಯಾನೇಜರ್ ಹೇಳಿದ್ದು ಅರ್ಧ ಕಾನೂನು ಮಾತ್ರ.

1872ರ ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಒಪ್ಪಿಕೊಂಡ ಕೆಲಸ ಆಮೇಲೆ ಅಸಾಧ್ಯವೋ ಕಾನೂನುಬಾಹಿರವೋ ಆದರೆ ಕರಾರು ಅನೂರ್ಜಿತ. ಅವರು ಛತ್ರದ ಬೀಗ ತೆಗೆಯಬೇಕಿಲ್ಲ, ನಾವು ಬಾಕಿ ಕೊಡಬೇಕಿಲ್ಲ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. 65ನೇ ಸೆಕ್ಷನ್ ಮುಂದಿನದನ್ನು ಹೇಳುತ್ತದೆ: ಕರಾರು ಅನೂರ್ಜಿತವಾದ ಮೇಲೆ, ಅದರಿಂದ ಪಡೆದದ್ದನ್ನು ಪಡೆದವರು ವಾಪಸ್ ಕೊಡಬೇಕು, ಇಲ್ಲವೇ ಪರಿಹಾರ ಕಟ್ಟಿಕೊಡಬೇಕು. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಕಛೇರಿಯಲ್ಲಿ ಹಾಡಲು ಒಪ್ಪಿ 1,000 ರೂಪಾಯಿ ಮುಂಗಡ ಪಡೆದ ಗಾಯಕ ಕಾಯಿಲೆ ಬಿದ್ದು ಹಾಡಲಾಗಲಿಲ್ಲ. ಕಛೇರಿ ನಡೆಸುವವನಿಗೆ ತಪ್ಪಿದ ಲಾಭವನ್ನು ಆತ ತುಂಬಿಕೊಡಬೇಕಾಗಿಲ್ಲ. ಆ 1,000 ರೂಪಾಯಿಯನ್ನು ಮಾತ್ರ ಹಿಂದಿರುಗಿಸಲೇಬೇಕು. ಗಾಯಕನ ಜಾಗದಲ್ಲಿ ಛತ್ರವನ್ನಿಟ್ಟು ನೋಡಿ.

ರಸೀದಿಯ ಆ ಸಾಲು, ತಾವಾಗಿಯೇ ಮದುವೆ ಮುರಿದುಕೊಂಡವರಿಗೆ, ದಿನ ಬದಲಿಸಿದವರಿಗೆ ಅನ್ವಯಿಸಲಿ. ಇಬ್ಬರದೂ ತಪ್ಪಿಲ್ಲದಾಗ ಅದನ್ನು ಮುಂದೆ ಹಿಡಿಯುವುದು ನನ್ನ ಪ್ರಕಾರ ಅನ್ಯಾಯ.

ಹಾಗಂತ ಕಷ್ಟ ಬಂದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ, ಹೋಗಲೂಬಾರದು. ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಏಜೆಂಟರು, ಯುದ್ಧದಿಂದ ಪರಿಸ್ಥಿತಿಯೇ ಬದಲಾಯಿತು, ಹೆಚ್ಚು ದರ ಬೇಕು ಎಂದಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಡೋನೇಷ್ಯಾದ ಕಲ್ಲಿದ್ದಲು ತುಟ್ಟಿಯಾಯಿತೆಂದ ವಿದ್ಯುತ್ ಕಂಪನಿಗಳಿಗೂ 2017ರಲ್ಲಿ ಅದೇ ಉತ್ತರ ಸಿಕ್ಕಿತು. ನಷ್ಟವಾಗುವುದು ಬೇರೆ, ಕರಾರಿನ ಬುಡವೇ ಕುಸಿಯುವುದು ಬೇರೆ. ಮದುವೆಯ ದಿನ ಛತ್ರಕ್ಕೇ ಬೀಗ ಬಿದ್ದರೆ ಕುಸಿದದ್ದು ಬುಡವೇ.

ಛತ್ರಕ್ಕೂ ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಇತ್ತು, ಗೊತ್ತು. ಅದನ್ನು ಹೇಳಿ ಒಂದಿಷ್ಟು ಹಿಡಿದುಕೊಂಡು ಉಳಿದದ್ದು ಕೊಟ್ಟಿದ್ದರೂ ಭಾವ ಒಪ್ಪುತ್ತಿದ್ದರು.

ಮುಂದಿನ ಲಗ್ನಕ್ಕೆ ಛತ್ರ ಹಿಡಿಯುವವರು ರಸೀದಿ ಮೇಲೆ ಒಂದು ಸಾಲು ಬರೆಸಿಕೊಳ್ಳಿ: ಸರ್ಕಾರ ಮುಚ್ಚಿಸಿದರೆ ಅಡ್ವಾನ್ಸ್ ವಾಪಸ್. ಬರೆಯಲು ಒಪ್ಪದ ಛತ್ರವಾದರೆ, ದುಡ್ಡು ಕೊಡುವ ಮುನ್ನವೇ ಬೇರೆ ಕಡೆ ನೋಡಿ.