ಮನೆಗಳಿಲ್ಲದ ಬೀದಿ

ಕಳೆದ ಏಪ್ರಿಲ್‌ನ ಒಂದು ಭಾನುವಾರ ಅಮೆರಿಕದ ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆಯಲ್ಲಿ ಮೆಂತ್ಯಸೊಪ್ಪು, ಜೋಳದ ಹಿಟ್ಟು ಕೊಂಡು ಹೊರಟವನು ರಸ್ತೆ ದುರಸ್ತಿಯಿಂದಾಗಿ ಬಳಸುದಾರಿ ಹಿಡಿದು ವುಡ್‌ಬ್ರಿಡ್ಜ್‌ನ ಒಂದು ವಿಚಿತ್ರ ಬೀದಿಗೆ ಬಂದು ಸೇರಿದೆ. ಡಾಂಬರು, ದೀಪದ ಕಂಬ, ಬೀದಿಯ ಹೆಸರಿನ ಫಲಕ ಎಲ್ಲವೂ ಇದ್ದವು. ಮನೆಗಳು ಮಾತ್ರ ಇರಲಿಲ್ಲ. ಕಾರು ಒಳಗೆ ಹೋಗಲೆಂದು ರಸ್ತೆಯಂಚಿನ ಕಲ್ಲನ್ನು ಅಲ್ಲಲ್ಲಿ ತಗ್ಗಿಸಿದ್ದರು, ಆ ತಗ್ಗಿನಾಚೆ ಬರೀ ಹುಲ್ಲು. ಒಂದೆಡೆ ಡ್ಯಾಫೊಡಿಲ್ ಹೂಗಳು, ಯಾರೋ ತಮ್ಮ ಮೆಟ್ಟಿಲಿನ ಎರಡೂ ಬದಿಗೆ ನೆಟ್ಟಿದ್ದವಿರಬೇಕು, ನೇರವಾಗಿ ಎರಡು ಸಾಲು ಅರಳಿ ನಿಂತಿದ್ದವು, ನಡುವೆ ಮೆಟ್ಟಿಲಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವ್ವ ಕಾರು ನಿಲ್ಲಿಸಲು ಹೇಳಿ, “ಇದೇನೋ, ಮುಳುಗಡಿ ಊರೇನು?” ಎಂದಳು.

ಅವಳ ಮಾತು ಸರಿಯಾಗಿತ್ತು. ವಾಟ್ಸನ್–ಕ್ರ್ಯಾಂಪ್ಟನ್ ಎಂದು ಕರೆಯುವ ಈ ತಗ್ಗಿನ ಬಡಾವಣೆಗೆ 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದಾಗ ವುಡ್‌ಬ್ರಿಡ್ಜ್ ನದಿಯ ಮೂಲಕ ಕಡಲಿನ ನೀರೇ ಒಳನುಗ್ಗಿತ್ತು. ಆಮೇಲೆ ನ್ಯೂಜೆರ್ಸಿ ಸರ್ಕಾರದ ‘ಬ್ಲೂ ಏಕರ್ಸ್’ ಯೋಜನೆ ಇಲ್ಲಿನ ಮನೆಗಳನ್ನು ಒಂದೊಂದಾಗಿ ಕೊಂಡು, ಕೆಡವಿ, ನೆಲವನ್ನು ನೀರಿಗೆ ಬಿಟ್ಟುಕೊಟ್ಟಿತು. ಇದು 1995ರಿಂದಲೂ ಇರುವ ಯೋಜನೆ. ಸ್ಯಾಂಡಿಯ ನಂತರ ಕೇಂದ್ರದಿಂದ ಹರಿದುಬಂದ ಹಣದಿಂದ ಅದಕ್ಕೆ ಜೀವ ಬಂತು. 30 ಕೋಟಿ ಡಾಲರ್‌ನಲ್ಲಿ ಸುಮಾರು 1,300 ಆಸ್ತಿಗಳನ್ನು ಕೊಳ್ಳುವುದಾಗಿ ಸರ್ಕಾರ 2013ರಲ್ಲಿ ಪ್ರಕಟಿಸಿತು. ಒತ್ತಾಯವಿಲ್ಲ, ಒಪ್ಪಿದವರಿಂದ ಮಾತ್ರ ಖರೀದಿ. ಬೆಲೆಯನ್ನು ಕಟ್ಟಿದ್ದು ನೀರು ಬರುವ ಮುಂಚಿನ ಲೆಕ್ಕದಲ್ಲಿ.

ನಾನು ಮಲಪ್ರಭೆಯ ದಂಡೆಯವನು, ರೋಣ ತಾಲ್ಲೂಕಿನವನು. ನಮ್ಮ ಕಡೆ ‘ಮುಳುಗಡೆ’ ಎಂಬ ಮಾತಿಗೆ ಬೇರೆಯೇ ತೂಕವಿದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆಗೆ ನಮ್ಮ ಮನೆಯ ಮಣ್ಣಿನ ಮೇಲ್ಮುದ್ದೆ ಕುಸಿದು, ಅಪ್ಪ ಎತ್ತುಗಳ ಕಣ್ಣಿ ಕೊಯ್ದು ಬಿಟ್ಟು ಶಾಲೆಯ ದಿಬ್ಬ ಹತ್ತಿದ್ದ. ಆಮೇಲೆ ಸರ್ಕಾರದ ‘ಆಸರೆ’ ಮನೆ ಯೋಜನೆ ಬಂತು. ಕಂಪನಿಗಳು, ಮಠಗಳು, ದಾನಿಗಳು ಎತ್ತರದ ಜಾಗಗಳಲ್ಲಿ ನವಗ್ರಾಮಗಳನ್ನು ಕಟ್ಟಿಸಿಕೊಟ್ಟರು. ಫೋಟೋ ತೆಗೆಸಿಕೊಂಡು ಬೀಗದ ಕೈ ಹಂಚಿದರು. ಹೊಸ ಮನೆ ಕೊಟ್ಟವರು ಹಳೆಯ ಮನೆಯನ್ನು ಏನು ಮಾಡಬೇಕೆಂದು ಮಾತ್ರ ನಮ್ಮೂರಲ್ಲಿ ಯಾರೂ ಹೇಳಲಿಲ್ಲ. ಅದನ್ನು ಕೆಡವಲಿಲ್ಲ, ಅದರ ಉತಾರವನ್ನು ಮುಚ್ಚಲಿಲ್ಲ, ಕರೆಂಟು ಕೂಡ ಕಡಿಯಲಿಲ್ಲ. ಮುಂದಿನ ಬೇಸಿಗೆಗೇ ಅರ್ಧ ಊರು ಕೆಳಗೆ ಬಂದು ಗೋಡೆಗಳಿಗೆ ಮಣ್ಣು ಮೆತ್ತುತ್ತಿತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೊಣ್ಣೂರು, ಹೊಳೆಆಲೂರು, ಪಟ್ಟದಕಲ್ಲು ಮತ್ತೆ ನೀರು ಕಂಡವು, ನಾವೂ ಕಂಡೆವು. ಈ ಸಲ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಪರಿಹಾರವೆಂದರು, ನಮ್ಮ ಓಣಿಯವರು ಅದೇ ಪಾಯದ ಮೇಲೆ, ಹೊಳೆಗೆ ಅದೇ ನೂರು ಮಾರು ದೂರದಲ್ಲಿ, ಆರ್‌ಸಿಸಿ ಹಾಕಿಸಿದರು.

ಆ ಬೀದಿಯಿಂದ ಮರಳಿದ ರಾತ್ರಿ ನಾನು ಕುಳಿತು ಇಲ್ಲಿನ ನಿಯಮಗಳನ್ನು ಓದಿದೆ. 1993ರಲ್ಲಿ ಮಿಸಿಸಿಪ್ಪಿ ಕಣಿವೆಯ ಮಹಾಪ್ರವಾಹದ ನಂತರ ಇಲ್ಲಿನ ಸಂಸತ್ತು ಕಾನೂನು ತಿದ್ದಿ, ಇಂತಹ ಖರೀದಿಗೆ ಕೇಂದ್ರ ನೂರಕ್ಕೆ 75ರವರೆಗೆ ಹಣ ಕೊಡಬಹುದು, ಆದರೆ ಹಾಗೆ ಕೊಂಡ ನೆಲ ಶಾಶ್ವತವಾಗಿ ಬಯಲಾಗಿಯೇ ಉಳಿಯಬೇಕು ಎಂದು ಬರೆದಿಟ್ಟಿತು. ಈ ಷರತ್ತು ಕಚೇರಿಯ ಕಡತದಲ್ಲಿ ಮಲಗಿಲ್ಲ, ಪ್ರತಿ ನಿವೇಶನದ ಕ್ರಯಪತ್ರಕ್ಕೇ ಅಂಟಿಕೊಂಡಿದೆ. ಖರೀದಿಯಾದ ತೊಂಬತ್ತು ದಿನಗಳೊಳಗೆ ಕಟ್ಟಡ ತೆರವಾಗಬೇಕು. ಆಮೇಲೆ ಅಲ್ಲಿ ನಾಲ್ಕೂ ಕಡೆ ತೆರೆದ ಮಂಟಪ, ಒಂದು ಸಾರ್ವಜನಿಕ ಶೌಚಾಲಯ, ಇಂಥವನ್ನು ಬಿಟ್ಟರೆ ಹೊಸ ಕಟ್ಟಡವೆಂದು ಏಳಬಹುದಾದದ್ದು ತೀರಾ ಕಡಿಮೆ. ಮೂರು ವರ್ಷಕ್ಕೊಮ್ಮೆ ಸ್ಥಳೀಯ ಸಂಸ್ಥೆಯವರು ಜಾಗವನ್ನು ಕಣ್ಣಾರೆ ನೋಡಿ, ಷರತ್ತು ಮುರಿದಿಲ್ಲವೆಂದು ವರದಿ ಕೊಡಬೇಕು. ವುಡ್‌ಬ್ರಿಡ್ಜ್‌ನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದವರು ಜೊತೆಗೂಡಿ, ಹಿತ್ತಲುಗಳಾಗಿದ್ದ ಜಾಗವನ್ನು ನೀರು ಹೀರುವ ನೆರೆಬಯಲಾಗಿ ಮರಳಿಸುವ ಯೋಜನೆ ಹಾಕಿಕೊಟ್ಟಿದ್ದಾರೆ.

ಓದುತ್ತ ಓದುತ್ತ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಹಣದ ಮೊತ್ತಕ್ಕಲ್ಲ, ಈ ‘ಖಾಲಿ ಬಿಡುವ’ ನಿಷ್ಠೆಗೆ. ನಮ್ಮಲ್ಲಿ ಖಾಲಿ ಜಾಗ ಎಂದರೆ ಇನ್ನೂ ಯಾರೂ ಕೈ ಹಾಕಿರದ ಜಾಗ ಎಂದಷ್ಟೇ ಅರ್ಥ. ಮೊದಲು ಒಂದು ನಾಮಫಲಕ, ಆಮೇಲೆ ಒಂದು ಕಟ್ಟೆ, ಕಟ್ಟೆಗೊಂದು ತಗಡಿನ ಚಪ್ಪರ, ಚಪ್ಪರದ ಪಕ್ಕದಲ್ಲಿ ಚಹಾದಂಗಡಿ. ಐದು ವರ್ಷಕ್ಕೆ ಸಕ್ರಮದ ಅರ್ಜಿ. ಬೆಂಗಳೂರು ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ ಕಟ್ಟಿತು, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣ ಕಟ್ಟಿತು; 2022ರ ಸೆಪ್ಟೆಂಬರ್‌ನ ನೆರೆಯಲ್ಲಿ ಬೆಳ್ಳಂದೂರಿನ ಸಾಫ್ಟ್‌ವೇರ್ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ನಾನು ಇಲ್ಲಿಂದಲೇ ಫೋನಿನಲ್ಲಿ ನೋಡಿದೆ. ಅಲ್ಲಿ ನನ್ನ ಗೆಳೆಯನೊಬ್ಬ ಖಾತೆ, ನಕ್ಷೆ, ಬ್ಯಾಂಕ್ ಸಾಲ ಎಲ್ಲವನ್ನೂ ಪಡೆದು ಕಟ್ಟಿದ ಮನೆಯ ಕಾಂಪೌಂಡಿಗೆ ಒಂದು ದಿನ ರಾಜಕಾಲುವೆ ಒತ್ತುವರಿಯೆಂದು ಕೆಂಪು ಗುರುತು ಬಿತ್ತು. ಕಾಲುವೆ ಬಿಡಿಸಬೇಕಾದದ್ದೇ, ನನಗೆ ತಕರಾರಿಲ್ಲ. ಆದರೆ ಅವನಿಂದ ಇಷ್ಟು ವರ್ಷ ತೆರಿಗೆ ಪಡೆದ ವ್ಯವಸ್ಥೆ, “ತಪ್ಪು ನಮ್ಮದೂ ಇದೆ, ಬೆಲೆ ಹೇಳು, ಕೊಳ್ಳುತ್ತೇವೆ” ಎಂಬ ಮಾತನ್ನೇ ಅರಿಯದು. ನಮಗೆ ಗೊತ್ತಿರುವುದು ಎರಡೇ ಭಾಷೆ: ಜೆಸಿಬಿ ಅಥವಾ ಕಣ್ಣುಮುಚ್ಚಾಲೆ.

ಇದನ್ನೆಲ್ಲ ಅವ್ವನಿಗೆ ಸ್ವಲ್ಪ ಜಂಬದಿಂದಲೇ, ಈ ದೇಶ ನನ್ನದೇ ಎಂಬಂತೆ, ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿ, “ಅವರೆಲ್ಲ ಕೂಡೇ ಎಲ್ಲಿಗೆ ಹೋದ್ರು?” ಎಂದಳು. ಕೂಡಿ ಹೋಗಲಿಲ್ಲ, ಹಣ ತೆಗೆದುಕೊಂಡು ತಮಗೆ ಬೇಕಾದಲ್ಲಿಗೆ ಹೋದರು ಎಂದೆ. “ಹಂಗಾರ ಊರ ಮುರೀತು ಅನ್ನು” ಎಂದು ಅವಳು ಮತ್ತೆ ಸೊಪ್ಪಿಗೆ ತಿರುಗಿದಳು.

ಇದಕ್ಕೆ ನನ್ನಲ್ಲಿ ಉತ್ತರವಿಲ್ಲದೆ ಹೋದದ್ದನ್ನು ಒಪ್ಪಿಕೊಳ್ಳಬೇಕು. ಇಲಿನಾಯ್‌ನ ವಾಲ್‌ಮೆಯರ್ ಎಂಬ ಪುಟ್ಟ ಊರು 1993ರ ನೆರೆಯ ನಂತರ ಹೆಸರು ಸಮೇತ ಗುಡ್ಡದ ಮೇಲಕ್ಕೆ ಹೋದದ್ದುಂಟು. ಆದರೆ ಜನ ಅದನ್ನು ಇಂದಿಗೂ ಎತ್ತಿ ಹೇಳುವುದೇ ಅದು ಅಪರೂಪವೆಂಬ ಕಾರಣಕ್ಕೆ. ಖರೀದಿಯೂ ನಾನು ಹೇಳಿದಷ್ಟು ಸಲೀಸಲ್ಲ. 2021ರ ಐಡಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡ ನನ್ನ ಸಹೋದ್ಯೋಗಿಯೊಬ್ಬ ಕಾಗದಪತ್ರ ಓಡಾಡುತ್ತಿದ್ದಷ್ಟು ಕಾಲ ನೀರು ಹೊಕ್ಕ ಮನೆಯ ಕಂತನ್ನೂ ಇರುವ ಮನೆಯ ಬಾಡಿಗೆಯನ್ನೂ ಒಟ್ಟಿಗೆ ಕಟ್ಟಿದ. ಒಪ್ಪದವರ ಮನೆಗಳು ಬಯಲಿನ ನಡುವೆ ಒಂಟಿ ಹಲ್ಲಿನಂತೆ ಉಳಿದಿವೆ, ಅವಕ್ಕೂ ಚರಂಡಿ, ದೀಪ, ಕಸದ ಗಾಡಿ ಬೇಕು.

ನಮ್ಮೂರವರು ಹಳೆಯ ಊರಿಗೆ ಇಳಿದದ್ದನ್ನು ನಾನು ಇಷ್ಟು ವರ್ಷ ಮೊಂಡುತನವೆಂದೇ ಬೈಯುತ್ತ ಬಂದವನು. ನವಗ್ರಾಮದ ಆ ಮನೆಯಲ್ಲಿ ದನ ಕಟ್ಟುವ ಗ್ವಾದಲಿಗೆ ಜಾಗವಿರಲಿಲ್ಲ. ಹೊಲ ಹೊಳೆದಂಡೆಯಲ್ಲೇ ಉಳಿದಿತ್ತು. ಎರಡು ಎಮ್ಮೆ, ಒಂದು ಜೋಡಿ ಎತ್ತು, ಹೊಟ್ಟು, ಕುಳ್ಳು, ಹಗೇವಿನ ಕಾಳು ಇವನ್ನೆಲ್ಲ ಎರಡು ಕೋಣೆಯಲ್ಲಿ ಎಲ್ಲಿಡುವುದು? ಅಪ್ಪ ದಿನಾ ನಸುಕಿನಲ್ಲಿ ಎರಡು ಮೈಲಿ ಇಳಿದು ದನಕ್ಕೆ ಹುಲ್ಲು ಹಾಕಿ, ಕತ್ತಲಾದ ಮೇಲೆ ಹತ್ತುತ್ತಿದ್ದ. ಒಂದು ದಿನ ಹತ್ತಲಿಲ್ಲ, ಅಲ್ಲೇ ಮಲಗಿದ. ವುಡ್‌ಬ್ರಿಡ್ಜ್‌ನವರಿಗೆ ಬೆಲೆ ಕಟ್ಟಿಕೊಟ್ಟಂತೆ ಅಪ್ಪನ ಆ ಹಿತ್ತಲಿಗೆ ಯಾರಾದರೂ ಬೆಲೆ ಕಟ್ಟಿದ್ದರೆ ಅವನು ಮಾರುತ್ತಿದ್ದನೇ ಎಂದರೆ, ಮಾರುತ್ತಿದ್ದ ಎಂದು ಹೇಳುವ ಧೈರ್ಯ ನನಗೀಗ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಮಾತ್ರ ಇನ್ನೂ ಅನ್ನಿಸುತ್ತದೆ.

ಅವ್ವ ಊರಿಗೆ ಹೊರಡುವ ಮುಂಚಿನ ವಾರ, ಜೂನ್‌ನಲ್ಲಿ, ಮತ್ತೊಮ್ಮೆ ಆ ಬೀದಿಗೆ ಕರೆದೊಯ್ಯಲು ಹೇಳಿದಳು. ಡ್ಯಾಫೊಡಿಲ್ ಹೋಗಿತ್ತು, ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಸ್ವಲ್ಪ ದೂರ ನಡೆದು, ಒಂದು ಹಿಡಿ ಹುಲ್ಲು ಕಿತ್ತು ಮೂಸಿ ನೋಡಿ, “ಇಷ್ಟ ಹುಲ್ಲು, ಒಂದರೆ ದನ ಬಿಟ್ಟಾರೇನು ನೋಡು” ಎಂದಳು. ಮೇಯಿಸಲು ನಿಯಮದಲ್ಲಿ ಅವಕಾಶವಿದೆ ಎಂದೆ; ಬಯಲಿನ ಬಳಕೆಗಳ ಪಟ್ಟಿಯಲ್ಲಿ ಬೇಸಾಯ, ದನ ಮೇಯಿಸುವುದು ಎಂದು ನಿಜಕ್ಕೂ ಇದೆ. “ಹಂಗಾರ ಮತ್ತ ಯಾಕ ಬಿಟ್ಟಿಲ್ಲ?” ಎಂದು ಕೇಳಿ, ಕಿತ್ತ ಹುಲ್ಲನ್ನು ಬಿಸಾಡದೆ ಕೈಯಲ್ಲೇ ಹಿಡಿದುಕೊಂಡು ಕಾರು ಹತ್ತಿದಳು.