ನಾಟಕದ ಡಿಗ್ರಿ ಎಂದರೆ ತೀರದ ಸಾಲವೇ? ಸತ್ಯಾಂಶ ಇಲ್ಲಿದೆ

"ನಾಟಕದಲ್ಲಿ ಡಿಗ್ರಿ ಮಾಡಿದರೆ ಸಂಪಾದನೆ ಸೊನ್ನೆ, ಸಾಲ ಜನ್ಮಪೂರ್ತಿ." ಮುಂಬಯಿ ಕಡೆಯ ಮಾಟುಂಗಾ, ಡೊಂಬಿವಲಿಯ ಕನ್ನಡ ಮನೆಗಳ ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಸಂದೇಶವಿದು. ಇದನ್ನು ನಂಬಿ ಮಕ್ಕಳ ಅರ್ಜಿ ಹರಿದುಹಾಕಬೇಡಿ.

ಸಾಲ ಎಷ್ಟಾಗುತ್ತದೆ ಎನ್ನುವುದು ಎಲ್ಲಿ ಓದುತ್ತೀರಿ ಎಂಬುದರ ಮೇಲಿದೆ. ಮುಂಬಯಿ ವಿಶ್ವವಿದ್ಯಾಲಯ ತನ್ನ ಕಲೀನಾ ಆವರಣದಲ್ಲಿ, ಪುಣೆ ವಿಶ್ವವಿದ್ಯಾಲಯ ಲಲಿತ ಕಲಾ ಕೇಂದ್ರದಲ್ಲಿ ರಂಗಕಲೆ ಕಲಿಸುತ್ತವೆ. ದುಬಾರಿ ಖಾಸಗಿ ನಟನಾ ಶಾಲೆಗಳ ಶುಲ್ಕಕ್ಕೂ ಇಲ್ಲಿಯದಕ್ಕೂ ಹೋಲಿಕೆಯೇ ಇಲ್ಲ. ದೆಹಲಿಯ ಎನ್‌ಎಸ್‌ಡಿಯಲ್ಲಂತೂ (ರಾಷ್ಟ್ರೀಯ ನಾಟಕ ಶಾಲೆ) ತಿಂಗಳು ತಿಂಗಳು ವಿದ್ಯಾರ್ಥಿವೇತನವೇ ಸಿಗುತ್ತದೆ. ಹೊರಗಿನಿಂದ ಬಂದವರಿಗೆ ಮುಂಬಯಿಯ ಬಾಡಿಗೆಯದ್ದೇ ದೊಡ್ಡ ಹೊರೆ.

ಲೆಕ್ಕ ಹಾಕೋಣ. 4 ಲಕ್ಷ ಸಾಲ, ಶೇ 10 ಬಡ್ಡಿ, 5 ವರ್ಷ: ತಿಂಗಳ ಕಂತು ಸುಮಾರು 8,500 ರೂಪಾಯಿ. 10 ಲಕ್ಷವಾದರೆ 21,250. ಓದುವ ಅವಧಿಯಲ್ಲಿ ಕಂತಿಲ್ಲದಿದ್ದರೂ ಬಡ್ಡಿ ಸೇರುತ್ತಲೇ ಇರುತ್ತದೆ.

ಸಂಪಾದನೆ ಸೊನ್ನೆಯಲ್ಲ, ಆದರೆ ಸಮನಾಗಿ ಬರುವುದಿಲ್ಲ. ಈ ಮಾತು ಸಂದೇಶದಲ್ಲೇ ಇಲ್ಲ. ಮರಾಠಿ ವೃತ್ತಿಪರ ನಾಟಕಗಳಲ್ಲಿ ಪ್ರಯೋಗಕ್ಕಿಷ್ಟು ಎಂದು ಹಣ. ಮಳೆಗಾಲದಲ್ಲಿ ಪ್ರಯೋಗ ಕಡಿಮೆಯಾದರೆ ಕೈಯೂ ಖಾಲಿ. ಧಾರಾವಾಹಿಯ ದುಡ್ಡು ಕೆಲಸ ಮುಗಿದು 90 ದಿನಗಳ ಮೇಲೆ ಬರುವುದೇ ರೂಢಿ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಪ್ಪದು. ಹುಡುಗರು ಸೋಲುವುದು ಹೆಚ್ಚಾಗಿ ಈ ಅಂತರದಲ್ಲೇ ಎಂಬುದು ನನ್ನ ಅಭಿಪ್ರಾಯ. ಡಬ್ಬಿಂಗ್, ಶಾಲೆಗಳಲ್ಲಿ ರಂಗ ಶಿಕ್ಷಣ, ಬೆಳಕಿನ ಕೆಲಸ ಕಲಿತವರು ಅದನ್ನು ದಾಟುತ್ತಾರೆ. ಸಾಲ ತೆಗೆಯುವ ಮೊದಲೇ ಮೂರು ತಿಂಗಳ ಕಂತಿನಷ್ಟು ಹಣ ಬೇರೆ ಎತ್ತಿಡಿ.